ಕಪ್ಪೆಚಿಪ್ಪಿನ ಲೆಕ್ಕ

'ಗಂಗಾ ಸ್ನಾನ, ತುಂಗಾ ಪಾನ' ಎಂದು ಹಿರಿಯರು ಹೇಳಿದರು. ಶಿವಮೊಗ್ಗೆಯ ಸಭೆಗಳಲ್ಲಿ ಈ ಮಾತನ್ನು ಹೇಳದ ಮುಖಂಡರಿಲ್ಲ, ಕೇಳಿ ತಲೆದೂಗದ ಸಭಿಕರಿಲ್ಲ. ಆದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ದೇಶದ ಕೊಳಕಾದ ನದೀಭಾಗಗಳ ಪಟ್ಟಿ ಮಾಡಿದಾಗ ಕರ್ನಾಟಕದ 17 ಭಾಗಗಳು ಅದರಲ್ಲಿ ಸೇರಿದವು. ಶಿವಮೊಗ್ಗೆಯಿಂದ ಕೂಡಲಿಯವರೆಗಿನ ತುಂಗೆ ಅದರಲ್ಲಿತ್ತು. ಭದ್ರಾವತಿ, ಹೊಳೆಹೊನ್ನೂರಿನ ನಡುವಣ ಭದ್ರೆಯೂ ಇತ್ತು. ಎರಡೂ ಕೂಡಿದ ಮೇಲೆ ಹರಿಹರದಿಂದ ಕೆಳಗಿನ ತುಂಗಭದ್ರೆಯೂ ಇತ್ತು. ಪಾನಕ್ಕೆ ಯೋಗ್ಯವೆಂದು ಹೊಗಳಿಸಿಕೊಂಡ ಹೊಳೆ ಸರ್ಕಾರದ ಕಾಗದದಲ್ಲಿಯೇ ಕೊಳಕಿನ ಸಾಲಿಗೆ ಸೇರಿತು. ನಾಚಿಕೆಪಡಬೇಕಾದವರು ಯಾರೂ ನಾಚಿಕೆಪಟ್ಟಂತೆ ಕಾಣಲಿಲ್ಲ.

ಈ ವಾರ ನಾವು ಬರೆಯಹೊರಟಿರುವುದು ಈ ಹೊಳೆಯ ಒಂದು ಮೂಕ ಪ್ರಾಣಿಯ ವಿಷಯ. ಅದು ಕಪ್ಪೆಚಿಪ್ಪು. 'ಕೂಲಿ, ತುಟ್ಟಿಭತ್ಯ, ಬೆಲೆಯೇರಿಕೆಗಳ ಮಾತು ಬಿಟ್ಟು ಈ ಪತ್ರಿಕೆಗೆ ಕಪ್ಪೆಚಿಪ್ಪಿನ ಗೊಡವೆ ಯಾಕೆ ಬಂತು?' ಎಂದು ಕೆಲವರು ನಗಬಹುದು. ನಗಲಿ. ಗಿರಣಿಯ ಕೆಲಸಗಾರನ ಮನೆಯ ಕೊಡಕ್ಕೆ ಬರುವ ನೀರಿಗೂ ಈ ಚಿಪ್ಪಿಗೂ ಇರುವ ಸಂಬಂಧವನ್ನು ತಿಳಿದ ಮೇಲೆ ಅವರು ನಗಲಾರರು ಎಂಬುದು ನಮ್ಮ ನಂಬಿಕೆ.

ಹೊಳೆಯ ಮರಳಿನಲ್ಲಿ ಬಿದ್ದಿರುವ ಕಪ್ಪೆಚಿಪ್ಪನ್ನು ನೋಡದವರು ನಮ್ಮಲ್ಲಿ ಇಲ್ಲ. ಅದರ ಬೆನ್ನನ್ನು ಕಲ್ಲಿಗೆ ತಿಕ್ಕಿ ತೂತು ಮಾಡಿ ಮಾವಿನಕಾಯಿಯ ಸಿಪ್ಪೆ ಹೆರೆದವರು, ಹಾಲು ಕಾಯಿಸಿದ ಪಾತ್ರೆಯ ತಳದ ಕೆನೆಯನ್ನು ಅದರಿಂದ ಕೆರೆದು ತಿಂದವರು ನಮ್ಮ ಓದುಗರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಹೆಸರಿನಲ್ಲಿ ಕಪ್ಪೆ ಇದ್ದರೂ ಕಪ್ಪೆಗೂ ಅದಕ್ಕೂ ನಂಟಿಲ್ಲ. ನಾವು ಆಡಿದ್ದು ಸತ್ತ ಪ್ರಾಣಿಯ ಮನೆಯೊಡನೆ. ಬದುಕಿರುವಾಗ ಅದು ಮರಳಿನಲ್ಲಿ ಅರ್ಧ ಹೂತುಕೊಂಡು, ಎರಡು ಚಿಪ್ಪುಗಳ ಬಾಯನ್ನು ಕೊಂಚ ತೆರೆದು, ಒಂದು ಸೀಳಿನಿಂದ ನೀರನ್ನು ಒಳಗೆಳೆದುಕೊಂಡು ಇನ್ನೊಂದರಿಂದ ಹೊರಬಿಡುತ್ತದೆ. ನೀರಿನಲ್ಲಿರುವ ಪಾಚಿಯ ಕಣ, ಸೂಕ್ಷ್ಮಜೀವಿ, ಕೊಳೆತ ವಸ್ತುವಿನ ಪುಡಿ, ಇವೇ ಅದರ ಊಟ. ದೊಡ್ಡದೊಂದು ಚಿಪ್ಪು ದಿನವೊಂದಕ್ಕೆ ಹಲವು ಲೀಟರು ನೀರನ್ನು ಹೀಗೆ ಸೋಸುತ್ತದೆ. ಸಾವಿರಗಟ್ಟಲೆ ಚಿಪ್ಪುಗಳಿರುವ ಮಡುವೆಂದರೆ ಹಗಲು ರಾತ್ರಿ ಎರಡೂ ಪಾಳಿ ನಡೆಯುವ ಜಲಶುದ್ಧಿ ಕಾರ್ಖಾನೆಯೇ ಸರಿ. ಅದಕ್ಕೆ ಕರೆಂಟು ಬೇಡ, ಗುತ್ತಿಗೆದಾರ ಬೇಡ, ಉದ್ಘಾಟನೆಗೆ ಮಂತ್ರಿಯೂ ಬೇಡ.

ಆದರೆ ಸೋಸುವವನ ಪಾಡು ಏನು? ಹತ್ತಿ ಗಿರಣಿಯಲ್ಲಿ ದುಡಿದವನ ಶ್ವಾಸಕೋಶದಲ್ಲಿ ಹತ್ತಿಯ ಧೂಳು ಕೂರುವಂತೆ, ನೀರಿನಲ್ಲಿ ಬಂದ ಸೀಸ, ತಾಮ್ರ, ಸತುವುಗಳಂಥ ಲೋಹಗಳು ಈ ಪ್ರಾಣಿಯ ಮೈಯಲ್ಲಿ ಸೇರಿಕೊಳ್ಳುತ್ತವೆ. ಅದು ಮೀನಿನಂತೆ ಈಜಿ ಬೇರೆ ಮಡುವಿಗೆ ಓಡಿಹೋಗಲಾರದು. ಇದ್ದಲ್ಲಿಯೇ ಇದ್ದು ಬಂದದ್ದನ್ನೆಲ್ಲ ಅನುಭವಿಸಬೇಕು. ಮಾಲಿನ್ಯ ಮಂಡಳಿಯ ನೌಕರ ಬಾಟಲಿಯಲ್ಲಿ ನೀರು ಹಿಡಿದರೆ ಆ ಗಳಿಗೆಯ ನೀರಿನ ಗುಣ ಮಾತ್ರ ತಿಳಿಯುತ್ತದೆ. ಅವನು ಬರುವ ದಿನ ಮೊದಲೇ ಗೊತ್ತಾದರೆ ಅದೂ ಸರಿಯಾಗಿ ತಿಳಿಯುವುದಿಲ್ಲ. ಕಪ್ಪೆಚಿಪ್ಪು ಹಾಗಲ್ಲ. ಹಲವು ವರ್ಷಗಳ ನೀರಿನ ಸಾಕ್ಷಿ ಅದರ ದೇಹದಲ್ಲಿಯೇ ಇರುತ್ತದೆ. ಈ ಸಾಕ್ಷಿಗೆ ಲಂಚ ಕೊಟ್ಟು ಬಾಯಿ ಮುಚ್ಚಿಸಲು ಸಾಧ್ಯವಿಲ್ಲ. ಅದನ್ನು ಕೊಂದು ಮಾತ್ರ ಬಾಯಿ ಮುಚ್ಚಿಸಬಹುದು. ಈಗ ನಡೆಯುತ್ತಿರುವುದು ಅದೇ.

ಈ ಪ್ರಾಣಿಯ ಸಂತತಿ ಬೆಳೆಯುವ ಬಗೆ ಇನ್ನೂ ವಿಚಿತ್ರವಾದುದು. ತಾಯಿ ಹೊರಬಿಡುವ ಮರಿಗಳು ಕಣ್ಣಿಗೆ ಕಾಣುವುದೂ ಕಷ್ಟ, ಅಷ್ಟು ಸಣ್ಣವು. ಅವು ಯಾವುದಾದರೊಂದು ಮೀನಿನ ಕಿವಿರಿಗೋ ಈಜುರೆಕ್ಕೆಗೋ ಅಂಟಿಕೊಂಡು ಕೆಲವು ದಿನ ಅಥವಾ ಕೆಲವು ವಾರ ಕಳೆಯಬೇಕು. ಆಮೇಲೆಯೇ ಕಳಚಿ ಬಿದ್ದು ಮರಳಿನಲ್ಲಿ ಬದುಕು ಹೂಡಬಲ್ಲವು. ತಕ್ಕ ಮೀನು ಸಿಗದ ಮರಿ ಸಾಯುತ್ತದೆ. ಆದುದರಿಂದ ಮೀನು ಹೋದ ಹೊಳೆಯಲ್ಲಿ ಚಿಪ್ಪೂ ಹೋಗುತ್ತದೆ. ಅಣೆಕಟ್ಟು ಮೀನಿನ ದಾರಿ ಕಟ್ಟಿದರೆ ಚಿಪ್ಪಿನ ದಾರಿಯೂ ಕಟ್ಟಿದಂತೆಯೇ. ಸಿಡಿಮದ್ದು ಹಾಕಿ ಮೀನು ಹಿಡಿಯುವ ಪುಂಡರು ಒಂದು ಏಟಿಗೆ ಎರಡು ಸಂತತಿಯನ್ನು ನಾಶಮಾಡುತ್ತಾರೆ. ತೀರ್ಥಹಳ್ಳಿಯ ಬಳಿ, ಶೃಂಗೇರಿಯಲ್ಲಿ, ದೇವರ ಮೀನೆಂದು ಜನ ಕಾಪಾಡಿಕೊಂಡು ಬಂದ ಮಡುಗಳು ತುಂಗೆಯಲ್ಲಿ ಇವೆ. ಅಲ್ಲಿ ಭಕ್ತಿ ಮಾಡಿರುವ ಕೆಲಸವನ್ನು ಉಳಿದ ಕಡೆ ನಾಗರಿಕ ಪ್ರಜ್ಞೆ ಮಾಡಬೇಕಾಗಿದೆ.

ಇಲ್ಲಿ ಒಂದು ಮೋಸವಿದೆ. ಓದುಗರು ಅದನ್ನು ಗಮನಿಸಬೇಕು. ಕಪ್ಪೆಚಿಪ್ಪುಗಳು ಬಹುವರ್ಷ ಬಾಳುತ್ತವೆ. ಎಳೆಯವು ಬೇಗ ಸಾಯುವಂಥ ಹದಗೆಟ್ಟ ನೀರಿನಲ್ಲಿಯೂ ಮುದಿಯವು ಕೆಲಕಾಲ ಹೇಗೋ ಉಸಿರು ಹಿಡಿದಿರುತ್ತವೆ. ಮೇಲುನೋಟಕ್ಕೆ 'ಇಲ್ಲಿ ಚಿಪ್ಪುಗಳಿವೆ, ಹೊಳೆ ಚೆನ್ನಾಗಿದೆ' ಎಂದು ತೋರುತ್ತದೆ. ಹೊಸ ನೇಮಕವಿಲ್ಲದೆ ಹಳೆಯ ಕೆಲಸಗಾರರಿಂದಲೇ ನಡೆಯುತ್ತಿರುವ ಗಿರಣಿಯನ್ನು ನಮ್ಮ ಓದುಗರು ನೋಡಿದ್ದಾರೆ. ಯಂತ್ರ ತಿರುಗುತ್ತಿರುತ್ತದೆ, ಸೈರನ್ ಕೂಗುತ್ತಿರುತ್ತದೆ. ಆದರೆ ಹಾಜರಿ ಪುಸ್ತಕ ನೋಡಿದವನಿಗೆ ಗೊತ್ತು, ಕೊನೆಯವನು ನಿವೃತ್ತನಾದ ದಿನ ಬಾಗಿಲು ಮುಚ್ಚುತ್ತದೆ ಎಂದು. ಹೊಳೆಯ ಹಾಜರಿ ಪುಸ್ತಕವನ್ನೂ ಹಾಗೆಯೇ ನೋಡಬೇಕು. ಎಷ್ಟು ಚಿಪ್ಪುಗಳಿವೆ ಎಂದಷ್ಟೇ ಅಲ್ಲ, ಎಳೆಯವು ಎಷ್ಟಿವೆ ಎಂಬುದೇ ಮುಖ್ಯ ಪ್ರಶ್ನೆ.

ಲೆಕ್ಕ ಹಾಕಬೇಕಾದರೆ ಗುರುತು ತಿಳಿದಿರಬೇಕು. ಪಂಡಿತರ ಪುಸ್ತಕವಿಲ್ಲದೆಯೇ ಇಷ್ಟನ್ನು ಯಾರಾದರೂ ಕಲಿಯಬಹುದು. ಅಂಗೈಯಷ್ಟು ಉದ್ದ, ಮೊಟ್ಟೆಯನ್ನು ಎಳೆದು ಚಪ್ಪಟೆ ಮಾಡಿದಂಥ ಆಕಾರ, ಹೊರಗೆ ಕಂದು ಅಥವಾ ಕಪ್ಪು ಬಣ್ಣ, ಒಳಗೆ ಮುತ್ತಿನ ಹೊಳಪು ಇದ್ದರೆ ಅದು ಕೆರೆ ಹೊಳೆಗಳೆರಡರಲ್ಲಿಯೂ ಇರುವ ದೊಡ್ಡ ಕಪ್ಪೆಚಿಪ್ಪು. ಶಾಸ್ತ್ರಜ್ಞರು ಇದನ್ನು ಲ್ಯಾಮೆಲ್ಲಿಡೆನ್ಸ್ ಎನ್ನುತ್ತಾರೆ. ಅದಕ್ಕಿಂತ ಚಿಕ್ಕದು, ದುಂಡು, ದಪ್ಪ. ಹಸಿರು ಹಳದಿ ಬೆರೆತ ಬಣ್ಣ. ಎರಡು ಚಿಪ್ಪು ಕೂಡುವ ಉಬ್ಬಿನ ಬಳಿ ಸುಕ್ಕುಸುಕ್ಕು ಗೆರೆಗಳು ಇದ್ದರೆ ಅದು ಪ್ಯಾರೇಸಿಯಾ. ಇನ್ನು ಗೋಲಿಗಿಂತ ಕೊಂಚ ದೊಡ್ಡದಾಗಿ, ಮುಕ್ಕೋಣವಾಗಿ, ಹೊರಗೆ ಒಂದರ ಮೇಲೊಂದು ಬಳೆಯಂಥ ಗೆರೆಗಳಿರುವ ಚಿಪ್ಪು ಹೇರಳವಾಗಿ ಸಿಗುತ್ತದೆ. ಅದರ ಒಳಗೆ ಮುತ್ತಿನ ಹೊಳಪಿಲ್ಲ, ಪಿಂಗಾಣಿಯ ನಯವಿದೆ. ಇದು ಕಾರ್ಬಿಕ್ಯುಲಾ, ಬೇರೆಯೇ ಕುಲ. ಮರಿ ಬೆಳೆಸಲು ಇದಕ್ಕೆ ಮೀನಿನ ಹಂಗಿಲ್ಲ. ಇದನ್ನು ಎಳೆಯ ಕಪ್ಪೆಚಿಪ್ಪೆಂದು ಎಣಿಸಿದರೆ ಲೆಕ್ಕವೆಲ್ಲ ತಪ್ಪುತ್ತದೆ.

ಇವೆಲ್ಲಕ್ಕಿಂತ ಅಪರೂಪದ್ದು ಇನ್ನೊಂದು ಉಂಟು. ಅದು ಮರಳಿನಲ್ಲಿ ಹೂತಿರುವುದಿಲ್ಲ. ಹೊಳೆಯ ಬಂಡೆಗೆ ತನ್ನ ಒಂದು ಚಿಪ್ಪನ್ನು ಗಾರೆ ಹಾಕಿದಂತೆ ಅಂಟಿಸಿಕೊಂಡು ಬದುಕುತ್ತದೆ. ಬಂಡೆಯ ಉಬ್ಬುತಗ್ಗಿಗೆ ತಕ್ಕಂತೆ ಮೈ ಬೆಳೆಸುವುದರಿಂದ ಒಂದರ ಆಕಾರ ಇನ್ನೊಂದಕ್ಕಿಲ್ಲ. ಇದು ಸಿಹಿನೀರಿನ ಸಿಂಪಿ, ಸ್ಯೂಡೋಮುಲ್ಲೇರಿಯಾ. ಮೈಸೂರು ಸೀಮೆಯಿಂದ ಹೋದ ಚಿಪ್ಪುಗಳನ್ನು ನೋಡಿ 1898ರಲ್ಲಿ ಸ್ಮಿತ್ ಎಂಬ ಇಂಗ್ಲೆಂಡಿನ ಪಂಡಿತ ಇದಕ್ಕೆ ಮೊದಲ ಶಾಸ್ತ್ರೀಯ ಹೆಸರು ಕೊಟ್ಟ. ನೂರು ವರ್ಷ ಕಳೆದ ಮೇಲೆ, 2001ರಲ್ಲಿ, ತುಂಗೆಯಲ್ಲಿ ಇದರ ಸ್ಥಿತಿಗತಿಯನ್ನು ಕುರಿತ ವರದಿ ಪ್ರಕಟವಾಯಿತು. ಪಶ್ಚಿಮಘಟ್ಟದ ಹೊಳೆಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲಿಯೂ ಇದು ಇಲ್ಲ. ಇಂಥದೊಂದು ಸೊತ್ತು ಬೇರೆ ದೇಶದಲ್ಲಿದ್ದಿದ್ದರೆ ಮಕ್ಕಳ ಪಾಠಪುಸ್ತಕದಲ್ಲಿ ಅದರ ಚಿತ್ರವಿರುತ್ತಿತ್ತು. ನಮ್ಮಲ್ಲಿ ಹೊಳೆಯ ದಡದಲ್ಲಿ ಹುಟ್ಟಿ ಬೆಳೆದವನಿಗೂ ಅದರ ಹೆಸರು ಗೊತ್ತಿಲ್ಲ. ಗೊತ್ತಿಲ್ಲದ ಸೊತ್ತನ್ನು ಕದಿಯುವುದು ಬಹಳ ಸುಲಭ.

ಕದಿಯುತ್ತಿರುವವರು ಯಾರು? ಮೊದಲನೆಯದಾಗಿ ಮರಳಿನ ದಂಧೆ. ಯಂತ್ರ ಇಳಿಸಿ ಹೊಳೆಯ ತಳವನ್ನು ಬಗೆದು ಲಾರಿಗೆ ತುಂಬುವಾಗ ಮರಳಿನ ಜತೆಗೆ ಚಿಪ್ಪಿನ ಮಡುವೂ ಲಾರಿ ಹತ್ತುತ್ತದೆ. ಎದ್ದ ರಾಡಿ ಕೆಳಗಿನ ಮಡುವಿನ ಚಿಪ್ಪುಗಳ ಉಸಿರು ಕಟ್ಟಿಸುತ್ತದೆ. ಎರಡನೆಯದಾಗಿ ಊರಿನ ಚರಂಡಿ. ಕೊಳಚೆಯಲ್ಲಿರುವ ಅಮೋನಿಯ ಎಳೆಯ ಚಿಪ್ಪುಗಳಿಗೆ ವಿಷ. ಮೂರನೆಯದಾಗಿ ಕಾರ್ಖಾನೆಯ ಹೊಲಸು. ಭತ್ತ ಬೇಯಿಸಿದ ನೀರನ್ನು ಹಾಗೆಯೇ ಹಳ್ಳಕ್ಕೆ ಬಿಟ್ಟರೂ ಅದು ಕೊಳೆತು ನೀರಿನ ಪ್ರಾಣವಾಯುವನ್ನು ತಿಂದುಹಾಕುತ್ತದೆ. ನಮ್ಮ ಕೈಗಳೂ ಶುದ್ಧವಾಗಿವೆ ಎಂದು ನಾವು ಹೇಳುವುದಿಲ್ಲ. ಸಂತೆ ಮುಗಿದ ಮೇಲೆ ಕೊಳೆತ ತರಕಾರಿಯನ್ನೂ, ಅಂಗಡಿಯ ಪ್ಲಾಸ್ಟಿಕ್ ಚೀಲಗಳನ್ನೂ ಹೊಳೆಯ ದಂಡೆಗೆ ಸುರಿಯುವವರಲ್ಲಿ ನಮ್ಮ ವ್ಯಾಪಾರಿ ಮಿತ್ರರೂ ಇದ್ದಾರೆ. ಇದನ್ನು ಹೇಳದೆ ಬರೇ ಮಾಲೀಕರನ್ನು ಬೈದರೆ ನಮ್ಮ ಮಾತಿಗೆ ತೂಕ ಇರದು.

ಇಲ್ಲಿ ಕೆಲಸಗಾರರ ಮನಸ್ಸಿನಲ್ಲಿರುವ ಒಂದು ಭಯಕ್ಕೆ ಉತ್ತರ ಕೊಡಬೇಕಾಗಿದೆ. 'ಹೊಳೆ ಹೊಳೆ ಎಂದು ಗಲಾಟೆ ಮಾಡಿದರೆ ಗಿರಣಿ ಮುಚ್ಚುತ್ತಾರೆ, ಅನ್ನ ಹೋಗುತ್ತದೆ' ಎಂಬುದೇ ಆ ಭಯ. ಇದು ತಾನಾಗಿ ಹುಟ್ಟಿದ ಭಯವಲ್ಲ, ಹುಟ್ಟಿಸಿದ ಭಯ. ನೆರೆಯ ಭದ್ರಾವತಿಯನ್ನೇ ನೋಡಿ. ಅಲ್ಲಿಯ ಕಾಗದದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿ ಹಲವು ವರ್ಷಗಳಾದವು. ಅದು ನಿಂತದ್ದು ಕಪ್ಪೆಚಿಪ್ಪಿನ ದೆಸೆಯಿಂದಲ್ಲ, ನಷ್ಟದ ಲೆಕ್ಕದಿಂದ. ಹೊಳೆಯನ್ನು ಕಾಪಾಡಿದ್ದರಿಂದ ಅನ್ನ ಕಳೆದುಕೊಂಡವನನ್ನು ನಾವು ಕಂಡಿಲ್ಲ. ಕೂಲಿ ಕೊಡುವುದು ಹೇಗೆ ಕಾರ್ಖಾನೆಯ ಖರ್ಚೋ, ಕೊಳಕು ನೀರನ್ನು ತೊಳೆದು ಬಿಡುವುದೂ ಹಾಗೆಯೇ ಕಾರ್ಖಾನೆಯ ಖರ್ಚು. ಅದನ್ನು ಉಳಿಸಿದ ಮಾಲೀಕನ ಲಾಭಕ್ಕೆ ಬೆಲೆ ತೆರುವವರು ಯಾರು? ಕೆಳಗಿನ ಊರುಗಳಲ್ಲಿ ಆ ನೀರನ್ನು ಕುಡಿಯುವವರು. ನಲ್ಲಿಯ ನೀರಿನ ಮೇಲೆ ನಂಬಿಕೆ ಹೋಗಿ ದುಡ್ಡು ಕೊಟ್ಟು ಕ್ಯಾನ್ ನೀರು ತರಿಸುವ ಹೋಟೆಲಿನವನು, ಬೀಡಾ ಅಂಗಡಿಯವನು, ಬಾಡಿಗೆ ಮನೆಯ ಕೆಲಸಗಾರ. ಬೆಲೆ ಕೊಡುವವನು ಲೆಕ್ಕ ಕೇಳಬಾರದೆಂದರೆ ಅದು ಯಾವ ನ್ಯಾಯ?

ಚಿಪ್ಪಿಗೂ ಕೂಲಿಗೂ ಇರುವ ನಂಟು ನಾವು ಕಲ್ಪಿಸಿಕೊಂಡದ್ದಲ್ಲ. ಇಂದು ನಮ್ಮ ಅಂಗಿಗಳಿಗೆ ಹಚ್ಚುವ ಗುಂಡಿ ಪ್ಲಾಸ್ಟಿಕ್ಕಿನದು. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಆ ಗುಂಡಿಗಳನ್ನು ಹೊಳೆಯ ಕಪ್ಪೆಚಿಪ್ಪಿನಿಂದಲೇ ಕೊರೆಯುತ್ತಿದ್ದರು. ಮಿಸಿಸಿಪಿ ಹೊಳೆಯ ದಂಡೆಯ ಮಸ್ಕಟೀನ್ ಎಂಬ ಊರಿನಲ್ಲಿ ಬೋಪಲ್ ಎಂಬ ಜರ್ಮನ್ ಕಸಬುದಾರ 1891ರಲ್ಲಿ ಈ ಕೆಲಸ ಆರಂಭಿಸಿದ. 1905ರ ವೇಳೆಗೆ ಆ ಒಂದೇ ಊರಿನಿಂದ ವರ್ಷಕ್ಕೆ 150 ಕೋಟಿ ಗುಂಡಿಗಳು ಹೊರಟವು. ಗುಂಡಿ ಕೊರೆಯುವವರಿಗೆ ಗ್ರೋಸಿನ ಲೆಕ್ಕದಲ್ಲಿ ಕೂಲಿ. ಗ್ರೋಸ್ ಎಂದರೆ 12 ಡಜನ್ ಎಂದು ನಮ್ಮ ಕಿರಾಣಿ ಅಂಗಡಿಯ ಹುಡುಗನಿಗೂ ಗೊತ್ತು. ಅಲ್ಲಿಯ ಮಾಲೀಕರು 14 ಡಜನ್ ಎಣಿಸಿಕೊಂಡು 12 ಡಜನ್ನಿನ ಕೂಲಿ ಕೊಡುತ್ತಿದ್ದರು. ಚಿಪ್ಪಿನ ಧೂಳು ಎದೆಗೆ ಇಳಿಯುತ್ತಿತ್ತು. ಕೆಲಸಗಾರರು ಸಂಘ ಕಟ್ಟಿದರು. 1911ರಲ್ಲಿ ಮಾಲೀಕರು ಕಾರ್ಖಾನೆಗಳಿಗೆ ಬೀಗ ಜಡಿದರು. ಪಡೆ ಬಂತು. ಹೋರಾಟ ಮರುವರ್ಷದವರೆಗೆ ಎಳೆಯಿತು.

ಇತ್ತ ಹೊಳೆಯ ಪಾಡೇನಾಯಿತು? ಒಂದು ಮಡು ಬರಿದಾದರೆ ಇನ್ನೊಂದಕ್ಕೆ, ಒಂದು ಹೊಳೆ ಬರಿದಾದರೆ ಇನ್ನೊಂದಕ್ಕೆ ದೋಣಿಗಳು ನಡೆದವು. ಚಿಪ್ಪು ಮುಗಿಯುತ್ತಿದೆ ಎಂದು ಕಂಡ ಮೇಲೆ ಸರ್ಕಾರ ಎಚ್ಚೆತ್ತು, ಫೇರ್‌ಪೋರ್ಟ್ ಎಂಬಲ್ಲಿ ಕೇಂದ್ರ ತೆರೆದು, ಮೀನುಗಳಿಗೆ ಚಿಪ್ಪಿನ ಮರಿಗಳನ್ನು ಅಂಟಿಸಿ ಹೊಳೆಗೆ ಬಿಟ್ಟಿತು. ಆದರೂ ಹಳೆಯ ಸಮೃದ್ಧಿ ಮರಳಲಿಲ್ಲ. ಆಮೇಲೆ ಅಣೆಕಟ್ಟುಗಳು ಬಂದವು, ಕಾರ್ಖಾನೆಯ ಹೊಲಸು ಬಂತು. ಪ್ಲಾಸ್ಟಿಕ್ ಗುಂಡಿ ಬಂದು ಉದ್ಯಮವೂ ಹೋಯಿತು. 2023ರಲ್ಲಿ ಅಮೆರಿಕದ ಸರ್ಕಾರ ತನ್ನ ದೇಶದ 8 ಜಾತಿಯ ಸಿಹಿನೀರ ಚಿಪ್ಪುಗಳು ನಿರ್ನಾಮವಾದವೆಂದು ಪಟ್ಟಿಯಿಂದ ಅವುಗಳ ಹೆಸರು ಹೊಡೆದುಹಾಕಿತು. ಎಣಿಕೆಯಲ್ಲಿ ಕೆಲಸಗಾರನಿಗೆ ಮೋಸ ಮಾಡಿದವರು ಹೊಳೆಯ ಎಣಿಕೆಯನ್ನಂತೂ ಇಡಲೇ ಇಲ್ಲ. ಇಬ್ಬರನ್ನೂ ಹಿಂಡಿದ ಕೈ ಒಂದೇ. ಈ ಕಥೆಯಿಂದ ನಾವು ಕಲಿಯಬೇಕಾದ ಪಾಠ ಇಷ್ಟೆ: ಲೆಕ್ಕ ನಮ್ಮ ಕೈಯಲ್ಲಿರಬೇಕು, ಮುಗಿದ ಮೇಲೆ ಅಲ್ಲ, ಇರುವಾಗಲೇ ಇರಬೇಕು.

ಆದುದರಿಂದ ನಾವು ಕೆಲವು ಬೇಡಿಕೆಗಳನ್ನು ಮುಂದಿಡುತ್ತೇವೆ. ಹೊಸ ಕಾನೂನು ಬರಲಿ ಎಂದು ಕಾಯುವ ಅಗತ್ಯ ಇವುಗಳಿಗಿಲ್ಲ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿಯೊಂದು ಪಂಚಾಯಿತಿ, ಪುರಸಭೆ, ಪಾಲಿಕೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು; ಆಯಾ ಊರಿನ ಗಿಡ ಮರ ಪ್ರಾಣಿಗಳ ದಾಖಲೆ ಪುಸ್ತಕ ಇರಬೇಕು. ತುಂಗೆ ಭದ್ರೆಯರ ದಂಡೆಯ ಎಲ್ಲ ಊರುಗಳ ಪುಸ್ತಕದಲ್ಲಿ ಕಪ್ಪೆಚಿಪ್ಪಿನ ಮಡುಗಳು, ಸಿಂಪಿ ಅಂಟಿರುವ ಬಂಡೆಗಳು ದಾಖಲಾಗಬೇಕು. ಸಮಿತಿ ಹೆಸರಿಗಷ್ಟೇ ಇರುವ ಕಡೆ ಜನ ಹೋಗಿ ಅದನ್ನು ಎಬ್ಬಿಸಬೇಕು. ಮರಳಿನ ಗುತ್ತಿಗೆ ಕೊಡುವ ಮೊದಲು ಜಿಲ್ಲಾ ಸಮೀಕ್ಷಾ ವರದಿ ಸಿದ್ಧಪಡಿಸಬೇಕೆಂದು 2016ರಿಂದ ನಿಯಮವಿದೆ. ಆ ವರದಿಯಲ್ಲಿ ಚಿಪ್ಪಿನ ಮಡುಗಳನ್ನು ಗುರುತಿಸಿ, ಅಲ್ಲಿ ಗುತ್ತಿಗೆ ಕೊಡಕೂಡದು. ಊರಿನ ಯಾವ ಚರಂಡಿ ಶುದ್ಧೀಕರಣವಾಗದೆ ಹೊಳೆ ಸೇರುತ್ತಿದೆ, ಅದನ್ನು ಯಾವ ತಿಂಗಳೊಳಗೆ ತಡೆಯುತ್ತಾರೆ ಎಂಬುದನ್ನು ಅಧಿಕಾರಿಗಳು ಸಾರ್ವಜನಿಕರಿಗೆ ತಿಳಿಸಬೇಕು. ಹೊಳೆಯ ನೀರಿನ ಪರೀಕ್ಷೆಯ ಫಲಿತಾಂಶವನ್ನು ಪ್ರತಿ ತಿಂಗಳು ಕನ್ನಡದಲ್ಲಿ ಬರೆದು ಮಾರುಕಟ್ಟೆಯಲ್ಲಿಯೂ, ಗಿರಣಿಯ ಬಾಗಿಲಲ್ಲಿಯೂ ಅಂಟಿಸಬೇಕು. ಚಿನ್ನದ ದರವನ್ನು ದಿನವೂ ತಿಳಿಸಬಲ್ಲ ಊರಿನಲ್ಲಿ ಕುಡಿಯುವ ನೀರಿನ ಗುಣವನ್ನು ತಿಂಗಳಿಗೊಮ್ಮೆ ತಿಳಿಸಲಾಗದೆ?

ಇದು ಅವರು ಮಾಡಬೇಕಾದದ್ದು. ನಾವು ಮಾಡಬೇಕಾದದ್ದೂ ಇದೆ. ಬೇಸಿಗೆಯಲ್ಲಿ ಹೊಳೆ ಇಳಿದಾಗ, ವಾರದ ರಜೆಯ ದಿನ, ಹತ್ತು ಜನ ಸೇರಿ ಒಂದೊಂದು ಮಡುವನ್ನು ನೋಡೋಣ. ಹೊಳೆಯ ಸುಳಿ ಗುಂಡಿಗಳನ್ನು ಬಲ್ಲ ಬೆಸ್ತ ಬಂಧುಗಳನ್ನು ಮುಂದಿಟ್ಟುಕೊಂಡೇ ಇಳಿಯಬೇಕು. ಈ ಶಾಸ್ತ್ರದಲ್ಲಿ ಅವರು ನಮಗಿಂತ ಹಿರಿಯ ಪಂಡಿತರು. ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟರನ್ನೂ ಕರೆಯೋಣ. ಸತ್ತ ಚಿಪ್ಪು ಎಷ್ಟು, ಜೀವಂತ ಎಷ್ಟು, ಎಳೆಯವು ಎಷ್ಟು ಎಂದು ಅಳತೆಪಟ್ಟಿ ಹಿಡಿದು ಬರೆಯೋಣ. ಜೀವವಿರುವ ಚಿಪ್ಪನ್ನು ಬಾಯಿ ಬಿಡಿಸಿ ನೋಡಕೂಡದು. ಎತ್ತಿದಲ್ಲಿಯೇ, ಇದ್ದಂತೆಯೇ ಮರಳಿಗೆ ಇಡಬೇಕು. ಬಂಡೆಗೆ ಅಂಟಿದ ಸಿಂಪಿಯನ್ನು ಕೀಳಲೇಬಾರದು. ಮುತ್ತಿನ ಆಸೆ ತೋರಿಸಿ ಹೊಳೆಯ ಚಿಪ್ಪುಗಳನ್ನು ಮೂಟೆಗಟ್ಟಲೆ ಕೊಳ್ಳಲು ಬರುವವನಿಗೆ ಒಂದನ್ನೂ ಮಾರಬಾರದು. ಹೀಗೆ ಬರೆದ ಲೆಕ್ಕವನ್ನು ಕಳಿಸಿಕೊಟ್ಟರೆ ಈ ಪತ್ರಿಕೆ ಅದನ್ನು ಊರಿನ ಹೆಸರು, ತಾರೀಖು ಸಮೇತ ಪ್ರಕಟಿಸುತ್ತದೆ. ಮರುವರ್ಷ ಅದೇ ಮಡುವನ್ನು ಮತ್ತೆ ಎಣಿಸೋಣ. ಎರಡು ವರ್ಷದ ಅಂಕಿಗಳು ಕೈಯಲ್ಲಿದ್ದರೆ ಯಾವ ಅಧಿಕಾರಿಯೂ 'ಎಲ್ಲ ಸರಿಯಾಗಿದೆ' ಎಂದು ಹೇಳಿ ನಮ್ಮನ್ನು ಬಾಗಿಲಿನಿಂದ ಹಿಂದಕ್ಕೆ ಕಳುಹಿಸಲಾರ.

ಕಪ್ಪೆಚಿಪ್ಪಿಗೆ ಓಟಿಲ್ಲ, ಸಂಘವಿಲ್ಲ, ಮುಷ್ಕರ ಹೂಡುವ ಶಕ್ತಿಯಿಲ್ಲ. ಅದು ತನ್ನ ಕೆಲಸ ನಿಲ್ಲಿಸುವುದು ಸತ್ತಾಗ ಮಾತ್ರ. ಆ ಕೆಲಸ ನಿಂತ ಹೊಳೆಯಿಂದಲೇ ನಾಳೆ ನಮ್ಮ ಮಕ್ಕಳ ಲೋಟಕ್ಕೆ ನೀರು ಬರಬೇಕಾಗಿದೆ. ಮುಂದಿನ ಬೇಸಿಗೆಯಲ್ಲಿ ಎಳೆಯ ಚಿಪ್ಪು ಸಿಕ್ಕಿದರೆ ನಾವು ಎಲ್ಲರೂ ಸಂತೋಷಪಡೋಣ. ಮುದಿ ಚಿಪ್ಪುಗಳಷ್ಟೇ ಸಿಕ್ಕಿದರೆ, ಆ ಲೆಕ್ಕವನ್ನು ಹಿಡಿದು ಮೊದಲು ಪಾಲಿಕೆಯ ಬಾಗಿಲಿಗೆ, ಅಲ್ಲಿಂದ ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗೋಣ.